ಮಡಿ ಒಲೆಯ ಮೂವತ್ತೈದು ಓಮ್

ನಮ್ಮ ಮನೆಯಲ್ಲಿ ಅಜ್ಜಿಯ ಸಾವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ: ಚಿಕ್ಕಪ್ಪ ಮಾಡಿದ ವೈರಿಂಗ್ ಸುಟ್ಟು ದೇವರ ಮನೆಗೆ ಬೆಂಕಿ ಬಿತ್ತು. ಅಪ್ಪ ಹಾಗೇ ಹೇಳುತ್ತಾನೆ. ಮೈಸೂರಿನಿಂದ ಬರುವ ಅತ್ತೆ ಹಾಗೇ ಹೇಳುತ್ತಾಳೆ. ತ್ರಿಪ್ಲಿಕೇನಿನ ನಮ್ಮ ಬೀದಿಯ ಹೂವಿನವಳೂ ಮೊಳ ಹಾಕುತ್ತಾ ತಮಿಳಿನಲ್ಲಿ ಹಾಗೇ ಹೇಳುತ್ತಾಳೆ. ಒಂದು ಸಂಗತಿಯನ್ನು ಇಷ್ಟು ಜನ ಒಂದಕ್ಷರವೂ ಆಚೀಚೆಯಾಗದಂತೆ ಹೇಳಿದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಬೆಂಕಿ ಬಿದ್ದದ್ದು ನಿಜ. ವೈರಿಂಗ್ ಚಿಕ್ಕಪ್ಪನದೆಂಬುದೂ ನಿಜ. ಈ ಎರಡು ನಿಜಗಳ ನಡುವೆ ‘ಆದ್ದರಿಂದ’ ಎಂಬ ಪದವನ್ನು ತಂದಿಟ್ಟವರು ಯಾರು? ಏಳು ವರ್ಷಗಳಲ್ಲಿ ಯಾರೂ ಕೇಳಿಲ್ಲ. ಎಲ್ಲದಕ್ಕೂ ತಕರಾರು ತೆಗೆಯುವ ನಾನೂ ಕೇಳಲಿಲ್ಲ, ಏಕೆಂದರೆ ಉತ್ತರ ನನಗೆ ಗೊತ್ತಿತ್ತು.

ಬರುವ ತಿಂಗಳು ಅಜ್ಜಿಯ ಶ್ರಾದ್ಧ. ಪ್ರತಿ ವರ್ಷ ಚಿಕ್ಕಪ್ಪ ತಿರುವೊಟ್ಟಿಯೂರಿನ ತನ್ನ ಕೋಣೆಯಿಂದ ಬಸ್ಸು ಹಿಡಿದು ಬರುತ್ತಾನೆ, ಬಾಗಿಲ ಪಕ್ಕ ಕೂರುತ್ತಾನೆ, ಊಟವಾದ ಕೂಡಲೇ ಎದ್ದು ಹೊರಡುತ್ತಾನೆ. ಸ್ವಂತ ಮಗ, ದೂರದ ನೆಂಟನ ಹಾಗೆ. ಈ ಸಲ ಅವನು ಹಾಗೆ ಕೂರಬಾರದು. ಅದಕ್ಕಾಗಿ ನಡೆದದ್ದನ್ನು ನಾನು ಎಲ್ಲರ ಮುಂದೆ ಹೇಳಬೇಕು. ಹೇಳುವ ಮೊದಲು ಬರೆದು ನೋಡುತ್ತಿದ್ದೇನೆ.

ಚಿಕ್ಕಪ್ಪ ಅಪ್ಪನ ಒಬ್ಬನೇ ತಮ್ಮ. ಐಟಿಐ ಓದಿ ತಿರುವೊಟ್ಟಿಯೂರಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಮದುವೆಯಾಗಿರಲಿಲ್ಲ, ನಮ್ಮೊಂದಿಗೇ ಇದ್ದ. ಅವನ ಮಾತು ಬಹಳ ನಿಧಾನ. ಒಂದು ವಾಕ್ಯವನ್ನು ಅವನು ಶುರುಮಾಡಿ ಮುಗಿಸುವಷ್ಟರಲ್ಲಿ ಮನೆಯವರು ಬೇರೆ ವಿಷಯಕ್ಕೆ ಹೋಗಿಬಿಟ್ಟಿರುತ್ತಿದ್ದರು. ಮಾತು ಸಲೀಸಾಗಿ ಬರುತ್ತಿದ್ದದ್ದು ಯಂತ್ರದ ಎದುರು, ಮತ್ತು ಚಿಕ್ಕವಳಾಗಿದ್ದ ನನ್ನ ಎದುರು. ನನಗೆ ಹತ್ತು ವರ್ಷವಿರುವಾಗ ಮನೆಯ ಒಂದೊಂದು ಸಾಮಾನನ್ನೂ ತೋರಿಸಿ ಲೆಕ್ಕ ಮಾಡಿಸುತ್ತಿದ್ದ. ಅವನ ಬಳಿ ಕ್ಲ್ಯಾಂಪ್ ಮೀಟರ್ ಒಂದಿತ್ತು. ಅದರ ಇಕ್ಕಳದಂಥ ಬಾಯನ್ನು ವೈರಿನ ಒಂದು ಎಳೆಯ ಸುತ್ತ ಮುಚ್ಚಿದರೆ ಸಾಕು, ಹರಿಯುವ ಕರೆಂಟು ಎಷ್ಟೆಂದು ತೋರಿಸುತ್ತಿತ್ತು.

“ಇಸ್ತ್ರಿಪೆಟ್ಟಿಗೆ ಎಷ್ಟು ಎಳೀತಿದೆ, ಓದು.”

“ಎರಡು ಆಂಪಿಯರ್.”

“ವೋಲ್ಟೇಜ್ ಇನ್ನೂರ ಮೂವತ್ತು. ಭಾಗಿಸು.”

“ನೂತ್ತಿ ಪದಿನೈಂದು.” ಶಾಲೆಯ ಲೆಕ್ಕ ನನ್ನ ಬಾಯಿಗೆ ಬರುತ್ತಿದ್ದದ್ದು ತಮಿಳಿನಲ್ಲೇ.

“ನೂರ ಹದಿನೈದು ಓಮ್. ಅದು ಇದರ ತಡೆ. ಈಗ ಗುಣಿಸು.”

“ನಾನೂರ ಅರವತ್ತು.”

“ವಾಟ್. ಅದು ಇದರ ದುಡಿಮೆ. ಭಾಗಿಸಿದ್ರೆ ತಡೆ, ಗುಣಿಸಿದ್ರೆ ದುಡಿಮೆ. ಇಷ್ಟೇ ನೋಡು ನನ್ನ ವಿದ್ಯೆ.”

ಮಿಕ್ಸಿ, ಫ್ಯಾನು, ಫ್ರಿಜ್ಜು, ಎಲ್ಲವನ್ನೂ ಹೀಗೆ ಭಾಗಿಸಿ ಗುಣಿಸಿ ಮುಗಿಸಿದ್ದೆವು. ಮುಟ್ಟದೆ ಬಿಟ್ಟದ್ದು ಒಂದನ್ನು ಮಾತ್ರ. ಅದು ಅಜ್ಜಿಯ ಮಡಿ ಒಲೆ.

ಅಡುಗೆಮನೆಯ ಗ್ಯಾಸಿನ ಮೇಲೆ ಈರುಳ್ಳಿ ಬೇಯುತ್ತಿತ್ತು, ಸ್ನಾನ ಮಾಡದವರ ಕೈ ಆಡುತ್ತಿತ್ತು. ಹೀಗಾಗಿ ದೇವರ ನೈವೇದ್ಯಕ್ಕೂ ಏಕಾದಶಿಯ ಉಪವಾಸದ ಮರುದಿನದ ಪಾರಣೆಗೂ ಅಜ್ಜಿ ದೇವರ ಮನೆಯ ಮೂಲೆಯಲ್ಲಿ ಕರೆಂಟಿನ ಒಲೆ ಇಟ್ಟುಕೊಂಡಿದ್ದಳು. ಜೇಡಿಮಣ್ಣಿನ ತಟ್ಟೆ, ಅದರ ಚಡಿಯೊಳಗೆ ಸ್ಪ್ರಿಂಗಿನಂಥ ಕಾಯಿಲ್. ಸ್ನಾನ ಮಾಡಿ ಮಡಿಯುಟ್ಟವರು ಬಿಟ್ಟರೆ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

“ಅಜ್ಜಿ, ಅದೇ ಕರೆಂಟು ಮೀನು ಮಾರ್ಕೆಟ್ಟಿನ ಫ್ರಿಜ್ಜಿಗೂ ಹೋಗತ್ತೆ. ಅದು ಹೇಗೆ ಮಡಿ ಆಯ್ತು?”

“ಗಂಗೆ ಎಲ್ಲೆಲ್ಲೋ ಹರೀತಾಳೆ, ನಿನ್ನ ಕೇಳಿ ಹರೀತಾಳೇನೇ? ಹೋಗೇ ಲಾಯರಮ್ಮ, ಹೊಸಿಲ ಆ ಕಡೆ ನಿಂತ್ಕೊಂಡು ವಾದ ಮಾಡು.”

ನಾನು ಹೊಸಿಲ ಆ ಕಡೆ ನಿಂತೇ ವಾದ ಮಾಡುತ್ತಿದ್ದೆ. ನನಗೆ ಕನ್ನಡ ಓದಲು ಬರೆಯಲು ಕಲಿಸಿದವಳು ಅವಳು, ಅದೇ ಹೊಸಿಲ ಆಚೆ ಈಚೆ ಕೂತು. ನಾನು ಗೆದ್ದರೆ ಅವಳಿಗೆ ಕೋಪ ಬರುತ್ತಿರಲಿಲ್ಲ. ನಾನು ಬೇರೆಯವರನ್ನು ಗೆದ್ದರಂತೂ ಹಬ್ಬ.

ಆ ಒಲೆ ಸಾವಿರ ವಾಟಿನದು. ದೇವರ ಮನೆಗೆ ವೈರು ಎಳೆದಾಗ ಚಿಕ್ಕಪ್ಪ ಲೆಕ್ಕ ಹಾಕಿಯೇ ಎಳೆದಿದ್ದ: ಐವತ್ತಮೂರು ಓಮ್ ಕಾಯಿಲ್, ನಾಲ್ಕೂಕಾಲು ಆಂಪಿಯರಿಗಿಂತ ಚೂರು ಹೆಚ್ಚು ಕರೆಂಟು, ಆರು ಆಂಪಿಯರಿನ ಸಾಕೆಟ್ಟು. ಸಾಕಷ್ಟಾಯಿತು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಇದನ್ನು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ.

ಕಾಯಿಲ್ ತುಂಡಾಗುವುದು ಸಹಜ. ಬೇರೆ ಮನೆಗಳಲ್ಲಾದರೆ ಬಲ್ಲವರ ಕೈಗೆ ಕೊಡುತ್ತಾರೆ. ನಮ್ಮ ಮನೆಯಲ್ಲಿ ಬಲ್ಲವನು ಕಾರ್ಖಾನೆಯಿಂದ ಬಂದವನು, ಕ್ಯಾಂಟೀನಿನಲ್ಲಿ ತಿಂದವನು, ಚರ್ಮದ ಚೀಲ ಹೊತ್ತವನು. ಅವನು ಮುಟ್ಟಿದರೆ ಒಲೆಯನ್ನೇ ಹೊರಗೆ ಹಾಕಬೇಕು. ಹಾಗಾಗಿ ಅಜ್ಜಿಯೇ ಸ್ವಿಚ್ಚು ಆರಿಸಿ, ತಣ್ಣಗಾದ ಮೇಲೆ ಸುಟ್ಟ ತುದಿಗಳನ್ನು ಮುರಿದು ಬಿಸಾಡಿ, ಉಳಿದದ್ದನ್ನು ಎಳೆದು, ಎರಡು ತುದಿಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ಇಕ್ಕಳದಿಂದ ಅಮುಕುತ್ತಿದ್ದಳು. ಒಂದು ವರ್ಷದಲ್ಲಿ ಮೂರು ಸಲ ಹೀಗೆ ಮಾಡಿದಳು. ಪ್ರತಿ ಸಲವೂ ಕಾಯಿಲ್ ಒಂದಿಷ್ಟು ಗಿಡ್ಡವಾಯಿತು.

“ಹೊಸದಕ್ಕಿಂತ ಈಗಲೇ ಚುರುಕು ನೋಡಿ” ಎಂದು ಒಂದು ಭಾನುವಾರದ ಊಟದ ಹೊತ್ತಿಗೆ ಅವಳೇ ಹೆಮ್ಮೆಯಿಂದ ಹೇಳಿದಳು. “ಹಾಲು ಇಟ್ಟು ತಿರುಗೋಷ್ಟರಲ್ಲಿ ಉಕ್ಕಿರತ್ತೆ.”

ಚಿಕ್ಕಪ್ಪನ ಕೈ ತಟ್ಟೆಯಲ್ಲೇ ನಿಂತಿತು. “ಅಮ್ಮಾ, ಆ ಕಾಯಿಲ್ ಬಿಸಾಕು. ಗಿಡ್ಡ ಆಗಿದೆ. ಹೆಚ್ಚು ಎಳೀತಿದೆ.”

“ಗಿಡ್ಡ ಆದ್ರೆ ಕಮ್ಮಿ ಎಳೀಬೇಕಲ್ಲೋ? ನಮ್ಮನೇಲಿ ನೀನೇ ಗಿಡ್ಡ. ಎಲ್ಲರಿಗಿಂತ ಹೆಚ್ಚು ತಿಂತೀಯೇನು?”

ಎಲ್ಲರೂ ನಕ್ಕರು. ಹಿಂದಿನ ದಿನವಷ್ಟೇ ನಾನು ಶಾಲೆಗಳ ನಡುವಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದಿದ್ದೆ. ಪ್ಲಸ್ ಟೂ, ಅಂದರೆ ಹನ್ನೆರಡನೆಯ ತರಗತಿಯ ವಿದ್ಯಾರ್ಥಿನಿ. ಗೆಲುವಿನ ಬಿಸಿ ಇನ್ನೂ ಆರಿರಲಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಮಗುಚಿ ಪೆನ್ನು ತೆಗೆದೆ.

“ಚಿಕ್ಕಪ್ಪ, ಪವರ್ ಅಂದ್ರೆ ಐ ಸ್ಕ್ವೇರ್ ಆರ್, ಕರೆಂಟಿನ ವರ್ಗ ಇಂಟು ತಡೆ. ಒಪ್ತೀಯಾ?”

“ಒಪ್ತೀನಿ. ಆದ್ರೆ...”

“ಕಾಯಿಲ್ ಗಿಡ್ಡ ಆದ್ರೆ ಆರ್ ಕಮ್ಮಿ. ಒಪ್ತೀಯಾ?”

“ಅದೂ ಸರಿ. ಆದ್ರೆ ಐ...”

“ಆರ್ ಕಮ್ಮಿ ಆದ್ರೆ ಐ ಸ್ಕ್ವೇರ್ ಆರ್ ಕಮ್ಮಿ. ಪವರ್ ಕಮ್ಮಿ. ಅವ್ವಳವುದಾನ್, ಮುಗೀತು!”

“ಐ ಹಾಗೇ ಇರಲ್ಲ ಮಗು. ಮನೇಲಿ ಹಾಗೇ ಇರೋದು ವೋಲ್ಟೇಜು. ತಡೆ ಕಮ್ಮಿ ಆದ್ರೆ ಐ...”

“ವೋಲ್ಟೇಜ್ ಹಾಗೇ ಇರತ್ತಾ? ಸಂಜೆ ನೂರ ತೊಂಬತ್ತಕ್ಕೆ ಇಳಿಯತ್ತೆ, ಬೆಳಗಿನ ಜಾವ ಇನ್ನೂರ ನಲವತ್ತೈದಕ್ಕೆ ಏರತ್ತೆ ಅಂತ ಮೊನ್ನೆ ಹೇಳಿದ್ದು ಯಾರು? ಮೊನ್ನೆಯ ಚಿಕ್ಕಪ್ಪನ್ನ ನಂಬೋದಾ, ಇವತ್ತಿನ ಚಿಕ್ಕಪ್ಪನ್ನ ನಂಬೋದಾ?”

ಅಪ್ಪ ತೊಡೆ ತಟ್ಟಿ ನಕ್ಕ. ಎದುರಾಳಿಯ ಮಾತನ್ನೇ ತೆಗೆದು ಅವನ ಮೇಲೆ ಎಸೆಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಆ ಮಾತು ಇಲ್ಲಿ ಸಲ್ಲುತ್ತದೆಯೇ ಎಂದು ಯಾರೂ ತಡೆದು ಕೇಳುವುದಿಲ್ಲ. ಚಿಕ್ಕಪ್ಪ ಕೈ ತೊಳೆದುಕೊಂಡು ಬಂದು ತನ್ನ ಚೀಲದಿಂದ ಮೀಟರನ್ನು ತೆಗೆದ. “ಅಳೆದು ತೋರಿಸ್ತೀನಿ. ಒಂದು ನಿಮಿಷದ ಕೆಲಸ.”

“ಚರ್ಮದ ಚೀಲದಲ್ಲಿದ್ದದ್ದನ್ನ ದೇವರ ಮನೆಗೆ ತರ್ತೀಯೇನೋ?” ಅಜ್ಜಿ ಅಡ್ಡ ನಿಂತಳು.

“ಚೀಲ ಇಲ್ಲೇ ಇಡ್ತೀನಮ್ಮ. ಇದು ವೈರನ್ನೂ ಮುಟ್ಟಲ್ಲ, ಸುಮ್ಮನೆ ಸುತ್ತ ನಿಲ್ಲತ್ತೆ.”

“ಇಷ್ಟು ಹೊತ್ತು ಚೀಲದಲ್ಲೇ ತಾನೇ ಇತ್ತು?”

ಆ ಒಂದು ನಿಮಿಷವನ್ನು ನಾನು ಅವನಿಗೆ ಕೊಡಿಸಬಹುದಿತ್ತು. ಮಡಿ ಎಂದರೆ ಮೂಗು ಮುರಿಯುತ್ತಿದ್ದವಳು ನಾನು. ‘ಅಳೆದು ನೋಡೋಣ’ ಎನ್ನುವುದು ನನ್ನ ಪಕ್ಷವಾಗಬೇಕಿತ್ತು. ನಾನು ಹೇಳಿದ್ದು ಇದು: “ಅಜ್ಜಿ ಬೇಡ ಅಂದ್ರೆ ಬೇಡ, ಚಿಕ್ಕಪ್ಪ. ಪೇಪರ್ ಮೇಲೆ ಗೆಲ್ಲು ನೋಡೋಣ.” ನಂಬದ ಮಡಿಯನ್ನು ಅಂದು ಗುರಾಣಿ ಮಾಡಿಕೊಂಡೆ, ಏಕೆಂದರೆ ಮೀಟರು ಏನು ಹೇಳೀತೆಂದು ಎಲ್ಲೋ ಒಳಗೆ ಅಳುಕಿತ್ತು.

ಚಿಕ್ಕಪ್ಪ ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದ. ಪೆನ್ನು ಎತ್ತಿದ, ಕೆಳಗಿಟ್ಟ. “ಸಾಕು ಬಿಡೋ, ಓದೋ ಹುಡುಗಿ ಹೇಳ್ತಿದಾಳೆ” ಎಂದ ಅಪ್ಪ. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಕಲಿಸಿದ ಗುರುವಿಗೇ ತಿರುಮಂತ್ರ ಹಾಕಿದಳಲ್ಲೋ!” ಎಂದು ನನ್ನ ಅಂಗೈಗೆ ಇನ್ನೊಂದು ಲಾಡು ಹಾಕಿದಳು. ಚಿಕ್ಕಪ್ಪನೂ ನಕ್ಕ. ಅವನ ನಗು ಸೋತವನದಾಗಿರಲಿಲ್ಲ ಎಂಬುದು ನನಗೆ ಹೊಳೆಯಲು ವರ್ಷಗಳು ಬೇಕಾದವು. ಅವನು ತಾಯಿಯ ಸಂತೋಷಕ್ಕೆ ನಗುತ್ತಿದ್ದ.

ಒಂಬತ್ತು ದಿನಗಳ ನಂತರ ಶಾಲೆಯ ಲ್ಯಾಬಿನಲ್ಲಿ ನಮ್ಮ ಮೇಜಿಗೆ ಒಂದು ಮೀಟರ್ ಉದ್ದದ ತಂತಿ ಬಂತು. ಬ್ಯಾಟರಿ ಜೋಡಿಸಿ ಪೂರ್ತಿ ತಂತಿಗೆ ಕರೆಂಟು ಎಷ್ಟೆಂದು ಬರೆದುಕೊಂಡೆ. ನಂತರ ಅರ್ಧ ತಂತಿಗೆ. ಕರೆಂಟು ತೋರಿಸುವ ಸೂಜಿ ಮೇಲಕ್ಕೆ ಏರಿತು. ನಾನು ತಂತಿಯ ಜಾಗ ಬದಲಿಸಿ ಮತ್ತೆ ನೋಡಿದೆ. ಮತ್ತೆ ಏರಿತು. ಪಕ್ಕದ ಹುಡುಗಿ “ಏನ್ಡಿ, ಭೂತ ಕಂಡ ಹಾಗೆ ನಿಂತಿದೀಯ?” ಎಂದು ನಕ್ಕಳು. ತಡೆ ಅರ್ಧವಾದರೆ ಕರೆಂಟು ಎರಡರಷ್ಟು. ಆ ಎರಡರಷ್ಟು ವರ್ಗವಾಗಿ ನಾಲ್ಕರಷ್ಟಾಗುತ್ತದೆ, ತಡೆ ಅರ್ಧವಾದರೂ ಪವರ್ ಎರಡರಷ್ಟು. ಪವರ್ ಕಡಿಮೆಯಾಗುವ ಮಾತೆಲ್ಲಿ ಬಂತು? ಅಂದು ಮನೆಗೆ ಹೋಗಿ ಎರಡು ವಾಕ್ಯ ಹೇಳಿದ್ದರೆ ಸಾಕಿತ್ತು: ಚಿಕ್ಕಪ್ಪ ಸರಿ. ನಾನು ತಪ್ಪು.

ಹೇಳಲಿಲ್ಲ. ನನಗೆ ನಾನೇ ಕೊಟ್ಟುಕೊಂಡ ಸಮರ್ಥನೆ ಹೀಗಿತ್ತು: ಒಲೆ ಎಷ್ಟೋ ತಿಂಗಳಿಂದ ಹಾಗೇ ಉರಿಯುತ್ತಿದೆ, ಏನೂ ಆಗಿಲ್ಲವಲ್ಲ. ಇದನ್ನು ಬೇರೆ ಯಾರಾದರೂ ವೇದಿಕೆಯ ಮೇಲೆ ಹೇಳಿದ್ದರೆ ಅರ್ಧ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ.

ಆ ವಾರವೇ ಚಿಕ್ಕಪ್ಪ ನನ್ನ ಓದುವ ಮೇಜಿನ ಬಳಿ ಬಂದ. ಕಾಗದದ ಪೊಟ್ಟಣವೊಂದನ್ನು ಪುಸ್ತಕದ ಮೇಲಿಟ್ಟ. ಹೊಸ ಕಾಯಿಲ್.

“ಇದನ್ನ ನೀನು ಕೊಡು. ನಿನ್ನ ಕೈಯಿಂದ ಆದ್ರೆ ತಗೋತಾಳೆ. ನೀರಲ್ಲಿ ತೊಳೆದು ಕೊಡು, ಮಡಿ ಆಗತ್ತೆ.”

“ನಾನು ಏನಂತ ಹೇಳಲಿ?”

“ಏನೂ ಹೇಳಬೇಡ. ಹಳೇದು ಕಪ್ಪಾಗಿದೆ, ನೋಡೋಕೆ ಚೆನ್ನಾಗಿಲ್ಲ ಅನ್ನು. ನನ್ನ ಹೆಸರು ಎತ್ತಬೇಡ.”

ತಪ್ಪೊಪ್ಪಿಕೋ ಎಂದು ಅವನು ಕೇಳಲಿಲ್ಲ. ಒಪ್ಪಿಕೊಳ್ಳದೆಯೇ ಸರಿಮಾಡುವ ದಾರಿಯನ್ನು ತಂದು ಮೇಜಿನ ಮೇಲಿಟ್ಟಿದ್ದ. ಆದರೆ ಆ ಕಾಯಿಲನ್ನು ಕೈಯಲ್ಲಿ ಹಿಡಿದು ದೇವರ ಮನೆಯ ಹೊಸಿಲಲ್ಲಿ ನಿಲ್ಲುವುದೂ ನನಗೆ ಸೋಲಿನಂತೆಯೇ ಕಂಡಿತು. ಪೊಟ್ಟಣವನ್ನು ಡ್ರಾಯರಿನಲ್ಲಿ ಹಾಕಿದೆ. ನಾಳೆ ಕೊಟ್ಟರಾಯಿತು ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ಒಂದು ಏಕಾದಶಿ ಕಳೆಯಿತು.

ಎರಡನೆಯ ಏಕಾದಶಿಯ ಮರುದಿನ, ದ್ವಾದಶಿ. ಪಾರಣೆಯ ಅಡುಗೆ ಸೂರ್ಯ ಹುಟ್ಟುವ ಮೊದಲೇ ಆಗಬೇಕು. ಅಜ್ಜಿ ಐದು ಗಂಟೆಗೆ ಒಲೆ ಹಚ್ಚಿ ಅನ್ನ, ಪಾಯಸ, ಅಗಸೆಸೊಪ್ಪಿನ ಪಲ್ಯ ಎಂದು ಒಂದರ ಮೇಲೊಂದು ಇಟ್ಟಳು. ಒಲೆ ಒಂದು ಗಳಿಗೆಯೂ ಆರಲಿಲ್ಲ. ಸಾಕೆಟ್ಟಿನ ಮೇಲ್ಗಡೆ ಬಿದಿರಿನ ಗಳುವಿನಲ್ಲಿ ಮಡಿ ಸೀರೆಗಳು ಒಣಗಿ ನೇತಾಡುತ್ತಿದ್ದವು. ಮೊದಲು ಸಾಕೆಟ್ಟು ಕರಗಿತು, ಆಮೇಲೆ ಸೀರೆಯ ಸೆರಗು ಹತ್ತಿಕೊಂಡಿತು. ಅವಳು ಅದನ್ನು ಎಳೆದು ಬೀಳಿಸಲು ಹೋಗಿದ್ದಾಳೆ. ಕೂಗು ಕೇಳಿ ಅಮ್ಮ ಓಡಿದಳು. ಮೂವತ್ತು ವರ್ಷದ ಅಭ್ಯಾಸ, ಸ್ನಾನವಾಗಿಲ್ಲವೆಂದು ಹೊಸಿಲಲ್ಲಿ ಅರೆಗಳಿಗೆ ಅವಳ ಕಾಲು ತಡೆಯಿತು, ಮರುಗಳಿಗೆ ಒಳಗೆ ಹಾರಿದಳು. ಆ ಅರೆಗಳಿಗೆಯನ್ನು ಅಮ್ಮ ಇಂದಿಗೂ ಯಾರೊಂದಿಗೂ ಆಡುವುದಿಲ್ಲ. ನಾನು ಹಿಂದೆಯೇ ಇದ್ದೆ, ನೋಡಿದ್ದೇನೆ. ಅಜ್ಜಿ ಆಸ್ಪತ್ರೆಯಲ್ಲಿ ಆರು ದಿನ ಇದ್ದಳು. ಮೂರನೆಯ ದಿನ ಒಮ್ಮೆ ನನ್ನನ್ನು ಗುರುತಿಸಿ, “ಪರೀಕ್ಷೆ ಹೇಗಾಯ್ತೇ?” ಎಂದಳು. ಚೆನ್ನಾಗಾಯಿತು ಎಂದೆ. ಅದು ಫಿಸಿಕ್ಸ್ ಪರೀಕ್ಷೆ.

ಹದಿಮೂರು ದಿನ ಕಳೆದ ಮೇಲೆ ಬೀದಿಯ ಎಲೆಕ್ಟ್ರಿಷಿಯನ್ ಬಂದು ಕರಗಿದ ಸಾಕೆಟ್ಟನ್ನು ಕಿತ್ತ. “ಲೋಡು ತಾಂಗಲ” ಎಂದ, ಭಾರ ತಡೆದಿಲ್ಲ. ಒಲೆ ಒಡೆದು ಚೂರಾಗಿ ಆಗಲೇ ಕಸಕ್ಕೆ ಹೋಗಿತ್ತು, ಗಿಡ್ಡ ಕಾಯಿಲೂ ಅದರೊಂದಿಗೆ.

ಅಪ್ಪ ಎಲ್ಲರೆದುರು ಕೇಳಿದ: “ಯಾರು ಮಾಡಿದ್ದು ಈ ವೈರಿಂಗು?”

ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ.

“ನಾನೇ” ಎಂದ ಚಿಕ್ಕಪ್ಪ.

ಆ ದಿನ ಅವನ ಮಾತು ನಿಧಾನವಾಗಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ಅವನು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಹೇಳಿಬಿಡುತ್ತಿದ್ದೆನೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಒಂದು ಸಮರ್ಥನೆಯೇ. ಅತ್ತೆ, “ಹೆತ್ತ ತಾಯಿ ಕಣೋ” ಎಂದಷ್ಟೇ ಹೇಳಿ ಒಳಗೆ ಹೋದಳು. ತಿಂಗಳೊಳಗೆ ಚಿಕ್ಕಪ್ಪ ಕಾರ್ಖಾನೆಯ ಹತ್ತಿರ ಕೋಣೆ ಹಿಡಿದ. ಮನೆಯವರಿಗೆ ಆ ಒಂದು ವಾಕ್ಯ ಸಾಕಾಯಿತು. ಅಮ್ಮನ ಅರೆಗಳಿಗೆ, ಅಪ್ಪನ ನಗು, ನನ್ನ ಡ್ರಾಯರು, ಎಲ್ಲವನ್ನೂ ಅದು ಮುಚ್ಚಿತು.

ಕಳೆದ ಭಾನುವಾರ ತಿರುವೊಟ್ಟಿಯೂರಿಗೆ ಹೋದೆ. ಅವನ ಕೋಣೆಯ ಕಿಟಕಿಯಿಂದ ಸಮುದ್ರದ ಗಾಳಿಯೂ ಕಾರ್ಖಾನೆಯ ವಾಸನೆಯೂ ಒಟ್ಟಿಗೇ ಬರುತ್ತವೆ. ಕೂದಲು ಪೂರ್ತಿ ಬೆಳ್ಳಗಾಗಿದೆ. “ಏನು ಲಾಯರಮ್ಮ, ಇಷ್ಟು ದೂರ?” ಎಂದ. ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಅವನೊಬ್ಬನೇ. ಕಾಫಿ ಕೊಟ್ಟ. ನಾನು ಬರೆದು ತಂದಿದ್ದ ಹಾಳೆಯನ್ನು ಅವನ ಮುಂದಿಟ್ಟೆ. ಮೂರು ಸಲ ಮುರಿದ ಕಾಯಿಲಿನಲ್ಲಿ ಮೂರನೆಯ ಎರಡು ಭಾಗ ಉಳಿದಿತ್ತೆಂದು ಹಿಡಿದರೆ ತಡೆ ಮೂವತ್ತೈದು ಓಮ್. ಇನ್ನೂರ ಮೂವತ್ತನ್ನು ಭಾಗಿಸಿದರೆ ಆರೂವರೆ ಆಂಪಿಯರ್. ಗುಣಿಸಿದರೆ ಒಂದೂವರೆ ಸಾವಿರ ವಾಟ್.

ಅವನು ಕನ್ನಡಕ ಹಾಕಿಕೊಂಡು ಓದಿದ. ಪೆನ್ನು ತೆಗೆದು ಇನ್ನೂರ ಮೂವತ್ತನ್ನು ಹೊಡೆದುಹಾಕಿ ಇನ್ನೂರ ನಲವತ್ತೈದು ಎಂದು ಬರೆದ.

“ಆ ಹೊತ್ತಿಗೆ ಇಷ್ಟು ಇರತ್ತೆ. ಏಳು ಆಂಪಿಯರ್. ಸಾವಿರದ ಏಳುನೂರ ಹದಿನೈದು ವಾಟ್. ಕರೆಂಟು ಮಿತಿ ಮೀರಿದ್ರೆ ತಾನೇ ಆರೋ ಎಂಸಿಬಿ ಸ್ವಿಚ್ಚು ಹತ್ತು ಆಂಪಿಯರಿನದು, ಏಳಕ್ಕೆ ಬೀಳಲ್ಲ.” ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದ. “ಸಾಕೆಟ್ ಹಳೇದು, ಪಿನ್ ಸಡಿಲ. ಅಲ್ಲಿ ಅರ್ಧ ಓಮ್ ಅಂತ ಇಟ್ಕೋ. ಕಾಯಿಲ್ ಪೂರ್ತಿ ಇದ್ದಾಗ ಅಲ್ಲಿ ಒಂಬತ್ತೂವರೆ ವಾಟ್ ಬಿಸಿ ಆಗ್ತಿತ್ತು. ಏಳು ಆಂಪಿಯರಿಗೆ ಇಪ್ಪತ್ತನಾಲ್ಕೂವರೆ. ಅಲ್ಲಿಗೆ ಮಾತ್ರ ನಿನ್ನ ಐ ಸ್ಕ್ವೇರ್ ಆರ್ ಸರಿ. ಸಾಕೆಟ್ಟಿನ ತಡೆ ಬದಲಾಗಲ್ಲ, ಕರೆಂಟು ಬದಲಾಗತ್ತೆ.”

ಅವನು ಯೋಚಿಸಿ ಬರೆಯುತ್ತಿರಲಿಲ್ಲ. ಬಾಯಿಪಾಠ ಒಪ್ಪಿಸುವವನಂತೆ ಬರೆಯುತ್ತಿದ್ದ. ಈ ಲೆಕ್ಕವನ್ನು ಅವನು ಎಷ್ಟು ಸಲ ಮಾಡಿರಬಹುದೆಂದು ನನಗೆ ಆಗ ತಿಳಿಯಿತು.

“ಎಲ್ಲಾ ಗೊತ್ತಿದ್ದೂ ‘ನಾನೇ’ ಅಂದೆ.”

“ವೈರಿಂಗ್ ನಂದೇ ತಾನೇ? ಸುಳ್ಳು ಹೇಳಿಲ್ಲ. ಕಾಯಿಲ್ ಗಿಡ್ಡ ಆದದ್ದು ಗೊತ್ತಾದ ದಿನವೇ ಆ ಸಾಕೆಟ್ ಬಿಚ್ಚಿ ಹಾಕಬೇಕಿತ್ತು. ಅಮ್ಮ ಬೈತಿದ್ದಳು, ಬೈಸ್ಕೋಬೇಕಿತ್ತು.”

“ಅದು ಉತ್ತರ ಅಲ್ಲ ಚಿಕ್ಕಪ್ಪ. ನನ್ನ ಡ್ರಾಯರಲ್ಲಿ...”

“ನಿಂಗೆ ಹದಿನೇಳು ವರ್ಷ” ಎಂದ. “ಬಿಡು. ಅವತ್ತು ಅಮ್ಮ ಎಷ್ಟು ನಕ್ಕಳು ನೆನಪಿದೆಯಾ? ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.”

ಅವನ ‘ಅಪ್ಪ’ ಎಂದರೆ ನನ್ನ ತಾತ. ಆ ಮಾತನ್ನು ಒಪ್ಪಲು ನನಗಾಗಲಿಲ್ಲ. ಒಂದು ಮಧ್ಯಾಹ್ನದ ನಗುವಿಗೆ ಒಬ್ಬ ಮನುಷ್ಯ ಏಳು ವರ್ಷ ಬಾಗಿಲ ಪಕ್ಕ ಕೂರಬೇಕು ಎನ್ನುವುದು ಯಾವ ನ್ಯಾಯ? ಶ್ರಾದ್ಧದ ದಿನ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಮೊದಲಿಂದ ಕೊನೆಯವರೆಗೆ, ಲ್ಯಾಬಿನ ಸೂಜಿ, ಪೊಟ್ಟಣ, ಎಲ್ಲ. ಅವನು ಹಾಳೆಯನ್ನು ನಾಲ್ಕಾಗಿ ಮಡಿಚಿ ನನ್ನ ಕೈಗೆ ಹಿಂದಿರುಗಿಸಿದ. “ಮಗು ದುಃಖದಲ್ಲಿ ಏನೋ ಹೇಳ್ತಿದೆ ಅಂತಾರೆ” ಎಂದ. “ನನ್ನ ಕೇಳ್ತಾರೆ. ನಾನು ಏನು ಅಂತೀನೋ ಅದೇ ಉಳಿಯೋದು.”

ಅದು ನಿಜ. ಅವನು ಒಂದು ಸಲ ಅಲ್ಲ ಎಂದು ತಲೆಯಾಡಿಸಿದರೆ ಸಾಕು, ನನ್ನ ಲೆಕ್ಕವೆಲ್ಲ ಬರಿಯ ಕಾಗದ. ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೊರಟ ಅವನ ಬೆನ್ನಿಗೆ ಕೇಳಿದೆ. ನಲ್ಲಿಯ ಸದ್ದಿಗೆ ಕೇಳಿಸಲಿಲ್ಲವೋ, ಕೇಳಿಸದಂತೆ ಇದ್ದನೋ, ಲೋಟವನ್ನು ತೊಳೆಯುತ್ತಲೇ ಇದ್ದ. ಅದನ್ನೇ ಇಲ್ಲಿ ಮತ್ತೆ ಕೇಳುತ್ತಿದ್ದೇನೆ: ಚಿಕ್ಕಪ್ಪ, ಅವರೆಲ್ಲ ನಿನ್ನ ಕಡೆ ತಿರುಗಿ ‘ಇವಳು ಹೇಳ್ತಿರೋದು ನಿಜವೇನೋ?’ ಅಂತ ಕೇಳಿದಾಗ, ನೀನು ಹೌದು ಅಂತೀಯಾ?